ಮುಂದಿನ ಗಾಲಿ ಹೇಳಿದ ಸಾಕ್ಷಿ

“ತಿರುಗಿಸಲೇ! ಕೈಗೇನು ಲಕ್ವ ಹೊಡೆದೈತಾ?”

“ತಿರುಗಿದ್ರೆ ತಾನೆ ತಿರುಗ್ಸೋದು? ನೀನೇ ಬಾರಣ್ಣ, ನಿನ್ನ ಪೊಲೀಸ್ ಕೈ ತೋರ್ಸು.”

ಪೆದ್ದಣ್ಣ ಟೋಪಿ ತೆಗೆದು ಜಜ್ಜಿಹೋದ ಬಾನೆಟ್ಟಿನ ಮೇಲೆ ಒಗೆದ. ಮಂಡಿಯೂರಿ ಕೂತು, ಜಾಕ್ ಮೇಲೆ ನಿಂತಿದ್ದ ಕಾರಿನ ಎಡಗಡೆಯ ಮುಂದಿನ ಗಾಲಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುವಿದ. ಗಾಲಿ ಒಂದು ಗೇಣು ಸರಿದು, ಕರ್ರ್ ಎಂದು ಗೊಣಗಿ, ಕಟ್ಟಿಹಾಕಿದ ಎಮ್ಮೆಯಂತೆ ನಿಂತುಬಿಟ್ಟಿತು.

ಮೆಕ್ಯಾನಿಕ್ ಪ್ರಭು ಹಲ್ಲು ಬಿಟ್ಟ. “ಬೈಯಣ್ಣ ಈಗ. ಗಾಲಿಗೆ ಬೈಯಿ.”

ಪೆದ್ದಣ್ಣ ಬೈಯಲಿಲ್ಲ. ಚಳ್ಳಕೆರೆ ಠಾಣೆಯಲ್ಲಿ ಹೆಡ್ ಕಾನ್ಸ್‌ಟೇಬಲ್ ಆಗುವ ಮೊದಲು ಹತ್ತಾರು ವರ್ಷ ಅದೇ ಠಾಣೆಯ ಜೀಪು ಓಡಿಸಿದವನು ಅವನು. ಸಿಟ್ಟು ಮೂಗಿನ ತುದಿಯಲ್ಲಿರುವ ಮನುಷ್ಯ. ಆದರೆ ಗಾಡಿ ಏನಾದರೂ ಹೇಳುತ್ತಿದೆ ಅನ್ನಿಸಿದರೆ ಬಾಯಿ ಮುಚ್ಚಿಕೊಂಡು ಕೇಳುವುದು ಅವನಿಗೆ ಗೊತ್ತಿತ್ತು.

ಈ ಕಾರು ನಿನ್ನೆ ಮಧ್ಯಾಹ್ನ ಮೊಳಕಾಲ್ಮೂರಿನಿಂದ ವಾಪಸ್ ಬರುವಾಗ ಊರ ಹೊರಗಿನ ಇಳಿಜಾರಿನಲ್ಲಿ ಹುಣಸೆಮರಕ್ಕೆ ಗುದ್ದಿತ್ತು. ಹಿಂದಿನ ಸೀಟಿನಲ್ಲಿದ್ದ ಎಣ್ಣೆ ಮಿಲ್ಲಿನ ಸಾವ್ಕಾರ ಸೋಮಶೇಖರಪ್ಪ ದಾವಣಗೆರೆ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದರು. ಡ್ರೈವರ್ ಹನುಮಣ್ಣ, “ಹ್ಯಾಂಡ್ ಬ್ರೇಕ್ ಇಳ್ಸೋದು ಮರೆತು ಓಡಿಸ್ದೆ ಸ್ವಾಮಿ, ಬ್ರೇಕ್ ಕಾದು ಹೋಯ್ತು, ತಪ್ಪು ನಂದೇ” ಎಂದು ಯಾರೂ ಕೇಳುವ ಮೊದಲೇ ಹೇಳಿ ಲಾಕಪ್ಪಿನಲ್ಲಿ ಕೂತಿದ್ದ.

ಸಂಜೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅಲ್ಲಿಯೂ ಅವನು ಇದೇ ಮಾತು ಹೇಳಿದರೆ ಜೈಲು. ಸಾವ್ಕಾರರ ಜೀವಕ್ಕೆ ಹೆಚ್ಚುಕಮ್ಮಿಯಾದರೆ ಇನ್ನೂ ದೊಡ್ಡ ಜೈಲು.

ಪೆದ್ದಣ್ಣನಿಗೆ ಆ ಮಾತು ಗಂಟಲಲ್ಲಿ ಇಳಿದಿರಲಿಲ್ಲ. ಅವನೂ ಹನುಮಣ್ಣನೂ ಒಂದೇ ಲಾರಿಯಲ್ಲಿ ಕ್ಲೀನರಾಗಿ ಸ್ಟೇರಿಂಗ್ ಹಿಡಿಯಲು ಕಲಿತವರು. ಸಮನೆಲದಲ್ಲಿ ಗಾಡಿ ನಿಲ್ಲಿಸಿದರೂ ಗಾಲಿಗೆ ಕಲ್ಲು ಕೊಟ್ಟು ಇಳಿಯುವ ಹನುಮಣ್ಣ ಹ್ಯಾಂಡ್ ಬ್ರೇಕ್ ಮರೆತನೇ? ಎಸ್‌ಐ ಸಾಹೇಬರು ಒಳ್ಳೆಯ ಹುಡುಗ. “ಸಂಜೆವರೆಗೆ ನೋಡಿ ಪೆದ್ದಣ್ಣ, ಆಮೇಲೆ ನನ್ನ ಕೈಲೂ ಆಗಲ್ಲ” ಎಂದಿದ್ದರು.

“ಹಿಂದಿನ ಗಾಲಿ ಎತ್ತು,” ಎಂದ ಪೆದ್ದಣ್ಣ.

ಪ್ರಭು ಜಾಕನ್ನು ಹಿಂದಕ್ಕೆ ಎಳೆದು ಕಾರನ್ನು ಎತ್ತಿದ. ಹಿಂದಿನ ಗಾಲಿಗೆ ಬೆರಳು ತಾಗಿಸಿದ್ದೇ ತಡ, ಅದು ಮಗುವಿನ ಗಿರಗಿಟ್ಟಲೆಯಂತೆ ತಿರುಗಿತು.

“ಲೇ, ಈ ಗಾಡೀಲಿ ಹ್ಯಾಂಡ್ ಬ್ರೇಕ್ ಯಾವ ಗಾಲಿ ಹಿಡೀತೈತೆ?”

“ಹಿಂದಿಂದು. ತಂತಿ ಹೋಗೋದೇ ಹಿಂದಕ್ಕಲ್ವಾ?”

“ಸುಟ್ಟಿರೋದು ಯಾವುದು?”

ಪ್ರಭು ಮುಂದಿನ ಗಾಲಿಯತ್ತ ಬಗ್ಗಿದ. ಮುಂದಿನ ಗಾಲಿಗಳ ಒಳಗಿದ್ದ ಉಕ್ಕಿನ ತಟ್ಟೆ, ಅಂದರೆ ಡಿಸ್ಕು, ಕಾದು ಕಾದು ಪಾರಿವಾಳದ ಕುತ್ತಿಗೆಯಂತೆ ನೀಲಿ-ನೇರಳೆ ತಿರುಗಿತ್ತು. ಅದನ್ನು ಎರಡು ಕಡೆಯಿಂದ ಅದುಮುವ ಪ್ಯಾಡುಗಳು ಸುಟ್ಟು ಇದ್ದಿಲಾಗಿದ್ದವು. ಹಿಂದಿನ ಡ್ರಮ್ಮಿನ ಮೇಲೆ ಮಾತ್ರ ಮೊಳಕಾಲ್ಮೂರಿನ ಕೆಂಪು ಧೂಳು ಹಾಗೇ ಕೂತಿತ್ತು. ಬಣ್ಣ ಕೂಡ ಕಂದಿರಲಿಲ್ಲ.

“ತಪ್ಪಿಸ್ಕೊಳ್ಳೋಕೆ ಸುಳ್ಳು ಹೇಳೋರನ್ನ ಸರ್ವಿಸಿನಾಗೆ ಬೇಕಾದಷ್ಟು ನೋಡಿದೀನಿ,” ಎಂದ ಪೆದ್ದಣ್ಣ. “ಸಿಕ್ಕಿಹಾಕ್ಕೊಳ್ಳೋಕೆ ಸುಳ್ಳು ಹೇಳೋ ನನ್ಮಗನ್ನ ಇವತ್ತೇ ನೋಡಿದ್ದು.”

ಬೂದು ಬಣ್ಣದ ವಿಲಾಯತಿ ಕಾರು ಅದು. ಸೋಮಶೇಖರಪ್ಪನವರ ತಂದೆ ಬಳ್ಳಾರಿಯ ಗಣಿ ಧಣಿಯೊಬ್ಬರಿಂದ ಕೊಂಡದ್ದು. ಊರಿನ ಕಾರುಗಳೆಲ್ಲ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು ಇಟ್ಟುಕೊಂಡು ಓಡುತ್ತಿದ್ದ ಕಾಲದಲ್ಲೇ ಇದರ ಮುಂದಿನ ಗಾಲಿಗೆ ಡಿಸ್ಕ್ ಬ್ರೇಕು. ಚಳ್ಳಕೆರೆಯ ಎಷ್ಟೋ ಮದುಮಕ್ಕಳು ಇದರಲ್ಲಿ ಕೂತೇ ಮೆರವಣಿಗೆ ಹೋದವರು.

“ಮುಂದಿನ ಬ್ರೇಕ್ ಯಾಕೆ ಹಿಡ್ಕೊಂಡ್ತು? ಯಾರ್ಯಾರ ಮೇಲೆ ಅನುಮಾನ, ಹೇಳು.”

“ಒಂದು, ಪ್ಯಾಡ್ ಒತ್ತೋ ಪಿಸ್ಟನ್ನು ತುಕ್ಕು ಹಿಡಿದು ಸಿಕ್ಕೊಂಡಿರಬೇಕು. ಹಂಗಾದ್ರೆ ಹನುಮಣ್ಣಂದೇ ತಪ್ಪು, ನೋಡ್ಕೊಂಡಿಲ್ಲ. ಇಲ್ಲಾಂದ್ರೆ...” ಪ್ರಭು ಪಾನಾವನ್ನು ಚಿಂದಿ ಬಟ್ಟೆಯಲ್ಲಿ ಸುಮ್ಮನೆ ಒರೆಸತೊಡಗಿದ.

“ಇಲ್ಲಾಂದ್ರೆ?”

“ರಬ್ಬರ್ ಪೈಪು ಒಳಗೇ ಊದ್ಕೊಂಡು ಬ್ರೇಕ್ ಆಯಿಲ್ಲನ್ನ ವಾಪಸ್ ಬಿಡ್ತಿರಲ್ಲ.”

“ಪೈಪ್ ಹಾಕಿದೋನು ಯಾರು?”

“ನಾನೇ. ಹೋದ ಯುಗಾದೀಲಿ.”

ಪ್ರಭುವಿನ ಮುಖದಲ್ಲಿದ್ದ ತಮಾಷೆ ಇಳಿದುಹೋಗಿತ್ತು.

“ಮೂರನೇದು?” ಪೆದ್ದಣ್ಣನ ದನಿ ಕೊಂಚ ಮೆತ್ತಗಾಯಿತು.

“ಪೆಡಲ್ ಹಿಂದಿನ ಮಾಸ್ಟರ್ ಸಿಲಿಂಡರು. ನಾವು ತುಳಿದಾಗ ಆಯಿಲ್ ತಳ್ಳೋದು, ಬಿಟ್ಟಾಗ ವಾಪಸ್ ಕರ್ಕೊಳ್ಳೋದು ಅದೇ.”

“ಒಬ್ಬೊಬ್ಬರನ್ನೇ ವಿಚಾರಿಸು.”

ಪ್ರಭು ಜಾಕನ್ನು ಮತ್ತೆ ಮುಂದಕ್ಕೆ ತಂದ. ಪೆದ್ದಣ್ಣ ಸೀಟಿನಲ್ಲಿ ಕೂತು ಪೆಡಲ್ ತುಳಿದು ಬಿಟ್ಟ. ಮುಂದಿನ ಗಾಲಿ ಕಲ್ಲಿನಂತೆ ಬಿಗಿಯಿತು. ಪ್ರಭು ಗಾಲಿಯ ಹತ್ತಿರ ಆಯಿಲ್ ಹೊರಬಿಡುವ ಸಣ್ಣ ನಿಪ್ಪಲನ್ನು ಸಡಿಲಿಸಿದ. ಆಯಿಲ್ ಚಿಳ್ಳನೆ ಚಿಮ್ಮಿತು. ಗಾಲಿ ಸಲೀಸಾಗಿ ತಿರುಗಿತು.

“ತುಕ್ಕಲ್ಲ. ತುಕ್ಕಾಗಿದ್ರೆ ಇದಕ್ಕೆಲ್ಲ ಬಗ್ಗುತ್ತಿರಲಿಲ್ಲ. ಒಳಗೆ ಒತ್ತಡ ನಿಂತಿತ್ತು, ಅಷ್ಟೇ.”

“ಹನುಮ ಬಚಾವ್. ಮುಂದೆ?”

“ಇನ್ನೊಂದ್ಸಲ ತುಳಿ. ಈ ಸಲ ಮೇಲೆ, ಮಾಸ್ಟರ್ ಹತ್ರಾನೇ ಪೈಪ್ ಸಡ್ಲು ಮಾಡ್ತೀನಿ. ಗಾಲಿ ಬಿಟ್ರೆ ದಾರಿ ಸರಿ ಐತೆ ಅಂತ. ಬಿಡದಿದ್ರೆ...” ಪ್ರಭು ಪಾನಾ ಹಚ್ಚಿದ. “ನಾ ಹಾಕಿದ ಪೈಪೇ ಕಳ್ಳ.”

ಪೆದ್ದಣ್ಣ ಗದರದೆ ಪೆಡಲ್ ತುಳಿದು ಬಿಟ್ಟ. ಪಾನಾ ತಿರುಗಿತು. ನಾಲ್ಕು ಹನಿ ಆಯಿಲ್ ತೊಟ್ಟಿಕ್ಕಿತು. ಇಳಿದುಬಂದ ಪೆದ್ದಣ್ಣ ಗಾಲಿಯನ್ನು ತಳ್ಳಿದ. ಅದು ತಿರುಗಿತು.

ಪ್ರಭು ಅಲ್ಲೇ ಗ್ರೀಸಿನ ನೆಲದ ಮೇಲೆ ಕುಕ್ಕರಿಸಿದ.

“ಏಳಲೇ, ನಿನ್ನ ಪೈಪ್ ಗೆದ್ದೈತೆ. ಆ ಮೂರನೇಯವನನ್ನ ಎಳ್ಕೊಂಡ್ ಬಾ.”

ಮಾಸ್ಟರ್ ಸಿಲಿಂಡರಿನ ಮೇಲಿದ್ದ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು, ಪ್ರಭು ಸಿರಿಂಜಿನಲ್ಲಿ ಒಳಗಿದ್ದುದನ್ನೆಲ್ಲ ಸೆಳೆದು ಚಹಾದ ಗ್ಲಾಸಿಗೆ ಬಿಟ್ಟ. ಇಬ್ಬರೂ ಬಾಗಿಲ ಬೆಳಕಿಗೆ ಬಂದು ನೋಡಿದರು. ನಿಧಾನಕ್ಕೆ ಗ್ಲಾಸಿನಲ್ಲಿ ಎರಡು ಪದರ ಬಿತ್ತು. ಕೆಳಗೆ ಕಪ್ಪಿಟ್ಟ ಬ್ರೇಕ್ ಆಯಿಲ್. ಅದರ ಮೇಲೆ ಹೊಂಬಣ್ಣದ ಇನ್ನೊಂದು.

ಪೆದ್ದಣ್ಣ ಮೂಗಿನ ಹತ್ತಿರ ತಂದ. ಈ ಊರಿನಲ್ಲಿ ಹುಟ್ಟಿದ ಯಾರಿಗೂ ಎರಡನೇ ಸಲ ಮೂಸಬೇಕಿರಲಿಲ್ಲ.

“ಶೇಂಗಾ ಎಣ್ಣೆ.”

“ಅಯ್ಯೋ ಶಿವನೇ!” ಪ್ರಭು ಸಿಲಿಂಡರ್ ಬಿಚ್ಚಿ ಒಳಗಿನ ರಬ್ಬರ್ ವಾಷರನ್ನು ಅಂಗೈಗೆ ಹಾಕಿಕೊಂಡ. ಅದು ನೀರಲ್ಲಿ ನೆನೆದ ಕಡಲೆಯಂತೆ ಉಬ್ಬಿತ್ತು. “ಅಡುಗೆ ಎಣ್ಣೆ ತಾಗಿದ್ರೆ ಈ ರಬ್ಬರು ಹಿಂಗೇ ಊದ್ಕೊಳ್ಳೋದಣ್ಣ. ಆಯಿಲ್ ವಾಪಸ್ ಹೋಗೋ ತೂತನ್ನೇ ಮುಚ್ಚಿಬಿಟ್ಟೈತೆ. ಬ್ರೇಕ್ ತುಳಿದಂಗೆಲ್ಲ ಒಂದಿಷ್ಟು ಒತ್ತಡ ಅಲ್ಲೇ ನಿಲ್ತೈತೆ. ಹಿಂದೆ ಡ್ರಮ್ಮಿಗೆ ಸ್ಪ್ರಿಂಗ್ ಐತೆ, ಎಳ್ಕೊಳ್ತೈತೆ. ಮುಂದೆ ಎಳ್ಕೊಳ್ಳೋರು ಯಾರು? ಪ್ಯಾಡು ಉಜ್ಜುತಾನೇ ಬಂದು, ಕಾದು, ಆಯಿಲ್ ಕುದ್ದು ಗಾಳಿಯಾಗಿ...”

“ಇಳಿಜಾರಿನಾಗೆ ತುಳಿದಾಗ ಪೆಡಲ್ ಪಾತಾಳಕ್ಕಿಳೀತು.”

“ಹೂಂ.”

“ತಪ್ಪಿ ಒಂದು ಹನಿ ಬಿದ್ದಿದ್ರೆ?”

“ಇದು ಹನಿ ಅಲ್ಲಣ್ಣ, ಸೌಟು. ಹಾಕಿ ಮೂರ್ನಾಕು ದಿನ ಆಗೈತೆ. ಮೊದಮೊದಲು ಗೊತ್ತೇ ಆಗಲ್ಲ.”

ಪೆದ್ದಣ್ಣ ಗ್ಲಾಸಿನ ಬಾಯಿಗೆ ಕಾಗದ ಮುಚ್ಚಿ, ಟೋಪಿ ಹಾಕಿಕೊಂಡ.

ಲಾಕಪ್ಪಿನ ಮೂಲೆಯಲ್ಲಿ ಹನುಮಣ್ಣ ಹಣೆಗೆ ಪಟ್ಟಿ ಕಟ್ಟಿಕೊಂಡು ಗೋಡೆಗೆ ಒರಗಿದ್ದ. ಕೊಟ್ಟ ಚಹಾ ಮುಟ್ಟಿರಲಿಲ್ಲ.

“ಹನುಮ, ಹಿಂದಿನ ಡ್ರಮ್ಮು ತಣ್ಣಗೈತೆ. ಮುಂದಿನ ಡಿಸ್ಕು ನೀಲಿಯಾಗೈತೆ. ಯಾವ ಊರ ಹ್ಯಾಂಡ್ ಬ್ರೇಕಲೇ ಅದು?”

ಪೆದ್ದಣ್ಣ ಕಂಬಿಗಳ ಸಂದಿನಲ್ಲಿ ಗ್ಲಾಸು ಇಟ್ಟ. ಅದನ್ನು ಕಂಡು ಹನುಮಣ್ಣನಿಗೆ ಆಶ್ಚರ್ಯವಾಗಲಿಲ್ಲ. ಅದನ್ನು ಪೆದ್ದಣ್ಣ ಗುರುತು ಹಾಕಿಕೊಂಡ.

“ಇದನ್ನ ಯಾರು ಹಾಕಿದ್ದು?”

“ನಾನೇ.”

“ಇದನ್ನೂ ನೀನೇ! ನಾಳೆ ಆ ಹುಣಸೆಮರ ನೆಟ್ಟೋನೂ ನಾನೇ ಅಂತೀಯ!” ಪೆದ್ದಣ್ಣ ಕಂಬಿಗೆ ಗುದ್ದಿದ. “ನಿನ್ ಹೆಂಡ್ತಿ ಮುದ್ದಕ್ಕ ಬೆಳಿಗ್ಗೆಯಿಂದ ಠಾಣೆ ಮೆಟ್ಲ ಮೇಲೆ ಕೂತವ್ಳೆ. ಅವಳಿಗೇನು ಹೇಳ್ಲಿ? ಯಾರಿಗೋಸ್ಕರಲೇ ಇದು?”

ಹನುಮಣ್ಣ ಕಂಬಿಯ ಹತ್ತಿರ ಸರಿದ. “ನಮ್ಮವ್ವ ಸತ್ತಾಗ ನಾನಿನ್ನೂ ಚಡ್ಡಿ ಹುಡುಗ. ಆ ಮನೆ ಅವ್ವಾರು ತಾವುಂಡ ಮೇಲೆ ನಂಗಿಕ್ಕಲಿಲ್ಲಣ್ಣ. ನಂಗಿಕ್ಕಿ ತಾವು ಉಂಡ್ರು. ಅವರ ಹತ್ರ ಹೋಗ್ಬ್ಯಾಡ. ಜೈಲು ನಾ ತಡ್ಕೊಳ್ತೀನಿ. ಅವರು ಇದನ್ನ ತಡ್ಕೊಳ್ಳಲ್ಲ.”

ಪೆದ್ದಣ್ಣನ ಸಿಟ್ಟು ಉಕ್ಕುವ ಹಾಲಿಗೆ ನೀರು ಬಿದ್ದಂತೆ ಇಳಿಯಿತು. ಸಾವ್ಕಾರರ ಮುದಿತಾಯಿ ಏನೋ ಗೊತ್ತಿಲ್ಲದೆ ಎಣ್ಣೆ ಹಾಕಿದ್ದಾಳೆ, ಇವನು ಮೈಮೇಲೆ ಎಳೆದುಕೊಂಡಿದ್ದಾನೆ. ಇಷ್ಟೇನಾ?

“ಒಂದು ಹೇಳು. ನಿನ್ನೆ ಬೆಳಿಗ್ಗೆ ಸಾವ್ಕಾರ್ರ ಮಗಳು ದೀಪಿಕಾಳ ನಿಶ್ಚಿತಾರ್ಥದ ಸೀರೆ ತರೋಕೆ ನಿನ್ ಜೊತೆ ಮೊಳಕಾಲ್ಮೂರಿಗೆ ಹೋದೋನು ಸಾವ್ಕಾರ್ರ ತಮ್ಮ ಮುರುಗೇಶಪ್ಪ. ವಾಪಸ್ ಬರುವಾಗ ಕಾರಿನಾಗೆ ಕೂತಿದ್ದೋರು ಸಾವ್ಕಾರ್ರು. ಮುರುಗೇಶಪ್ಪ ಬಸ್ಸಿನಾಗೆ ಬಂದ. ಅದೆಂಗೆ?”

ಹನುಮಣ್ಣ ಇಷ್ಟೇ ಹೇಳಿದ:

“ಸಾವ್ಕಾರ್ರು ದಾರಿಯುದ್ದಕ್ಕೂ ‘ನಿಧಾನ ಹನುಮ, ನಿಧಾನ’ ಅಂತಿದ್ರಣ್ಣ. ಯಾವತ್ತೂ ಹಂಗಂದೋರಲ್ಲ.”

ಮಿಲ್ಲಿನ ಮನೆಯ ಅಂಗಳಕ್ಕೆ ಕಾಲಿಡುವಾಗಲೇ ಹೊಸ ಎಣ್ಣೆಯ ಕಂಪು ಮುಖಕ್ಕೆ ಬಡಿಯಿತು. ಜಗುಲಿಯ ಮೇಲೆ ನಿನ್ನೆಯ ಕಾರಿನಿಂದ ತಂದಿಟ್ಟ ಸೀರೆಯ ಗಂಟು ಬಿಚ್ಚದೆ ಬಿದ್ದಿತ್ತು. ಮುರುಗೇಶ ಕಂಬಕ್ಕೆ ಒರಗಿ ನಿಂತಿದ್ದ. ಮಿಲ್ಲು ಪಾಲು ಮಾಡುವ ವಿಚಾರಕ್ಕೆ ಅಣ್ಣತಮ್ಮ ತಿಂಗಳಿಂದ ಮಾತು ಬಿಟ್ಟಿದ್ದು ಊರಿಗೆಲ್ಲ ಗೊತ್ತಿದ್ದ ಸುದ್ದಿ.

“ಮುರುಗೇಶಪ್ಪೋರೇ, ಕಾರಿನಾಗೆ ಹೋದೋರು ಬಸ್ಸಿನಾಗೆ ಯಾಕೆ ಬಂದ್ರಿ?”

“ರಾಂಪುರದಾಗೆ ಕೆಲಸ ಇತ್ತು.”

“ರಾಂಪುರ ಬಳ್ಳಾರಿ ಕಡೆಗೆ. ನೀವು ಹತ್ತಿದ್ದು ಚಳ್ಳಕೆರೆ ಬಸ್ಸು. ಸೀರೆ ನೇಯ್ದ ಯತ್ತಪ್ಪನ ಪಕ್ಕದ ಅಂಗಡಿಗೆ ಈಗ ತಾನೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ಬಂದಿದೀನಿ.”

ಮುರುಗೇಶ ಮುಖ ತಿರುಗಿಸಿದ. ಪೆದ್ದಣ್ಣನ ತಾಳ್ಮೆ ಮುಗಿಯಿತು. ಬಹುವಚನವೂ ಮುಗಿಯಿತು. ಕೊರಳಪಟ್ಟಿಗೆ ಕೈ ಹಾಕಿ ಎಳೆದ.

“ಆ ಗಾಡಿ ಬ್ರೇಕ್ ಹೋಗ್ತೈತೆ ಅಂತ ನಿಂಗೆ ಗೊತ್ತಿತ್ತು! ಅದಕ್ಕೇ ನೀ ಇಳಿದೆ. ಅಣ್ಣನ್ನ ಹತ್ತಿಸಿದೆ!”

“ನಾನು ಇಳೀಲಿಲ್ಲ! ಅವನೇ ಇಳಿಸಿದ!” ಮುರುಗೇಶನ ದನಿ ಒಡೆಯಿತು. “ಬಸ್ಸಿನಾಗೆ ನನ್ನ ಹಿಂದೇನೇ ಬಂದ. ಕಾರು ಹತ್ತಿ ಕೂತಿದ್ದೋನ ರೆಟ್ಟೆ ಹಿಡಿದು, ಯತ್ತಪ್ಪನ ಮನೆಯೋರೆಲ್ಲ ಮಗ್ಗ ಬಿಟ್ಟು ನೋಡ್ತಿರುವಾಗ ಕೆಳಗೆಳೆದ. ‘ನೀ ಬಸ್ಸಿಗೆ ಹೋಗು’ ಅಂದ. ಯಾಕೆ ಅಂದ್ರೆ ಒಂದು ಮಾತಿಲ್ಲ. ತಾನು ಹೋಗಿ ಕೂತ್ಕೊಂಡ. ಇದನ್ನ ಊರ ಮುಂದೆ ಹೇಳ್ಕೊಂಡು ತಿರುಗಬೇಕಿತ್ತಾ ನಾನು?”

“ಸುಳ್ಳು!”

“ಪ್ರಮಾಣ!”

“ಪೆದ್ದಣ್ಣ, ಅವನ ಅಂಗಿ ಬಿಡು.”

ಹೊಸ್ತಿಲಲ್ಲಿ ಬಸವಲಿಂಗಮ್ಮ ನಿಂತಿದ್ದರು. ಹಣೆಯ ತುಂಬ ವಿಭೂತಿ. ಕಣ್ಣಿಗೆ ಪೊರೆ ಬಂದು ಬಿಳಿಚಿಕೊಂಡಿತ್ತು. ಗೋಡೆ ಹಿಡಿದು ಬಂದು ಜಗುಲಿಯ ಮೇಲೆ ಕೂತರು. “ಒಬ್ಬ ಮಗ ಆಸ್ಪತ್ರೆಯಾಗವ್ನೆ. ಇನ್ನೊಬ್ಬನ್ನ ನೀನು ಹಿಂಗೆ ಹಿಡ್ಕೊಂಡಿದೀಯ. ಹನುಮನ್ನ ಯಾವಾಗ ಬಿಡ್ತೀಯಪ್ಪ? ಅವನು ಉಂಡ್ನಾ?”

ಪೆದ್ದಣ್ಣ ಕೈ ಬಿಟ್ಟ. ಟೋಪಿ ತೆಗೆದ. ಗ್ಲಾಸಿನ ಕಾಗದ ಸರಿಸಿ ಮುದುಕಿಯ ಕೈಗೆ ಕೊಟ್ಟ.

“ಅವ್ವಾರೇ, ಇದೇನು ನೋಡ್ರಿ.”

ಬಸವಲಿಂಗಮ್ಮ ಮೇಲುಪದರಕ್ಕೆ ಬೆರಳು ತಾಗಿಸಿ ಮೂಗಿಗೆ ತಂದರು. ಸುಕ್ಕು ಮುಖ ಅರಳಿತು.

“ನಮ್ಮದೇ. ಹೊಸ ಕಾಯಿದು. ಸೋಮವಾರ ಇಳಿದ ಮೊದಲ ಎಣ್ಣೆ.” ಹೇಳುತ್ತಾ ಹೇಳುತ್ತಾ ಅವರಿಗೆ ಹುರುಪು ಬಂತು. “ನಮ್ಮ ಮಾವನ ಕಾಲದಿಂದ್ಲೂ ಐತೆ ಇದು. ಮೊದಲ ಎಣ್ಣೆ ನಾವು ತಿನ್ನಂಗಿಲ್ಲ. ಗಾಣಕ್ಕೆ, ಮೋಟ್ರಿಗೆ, ತಕ್ಕಡಿಗೆ, ಬಂಡಿಗೆ ಹಾಕ್ಬೇಕು. ದುಡಿಯೋದಕ್ಕೆ ಮೊದಲು ಉಣ್ಣೋಕಿಕ್ಬೇಕು, ಆಮೇಲೆ ನಾವು. ಕಾರಿಗೂ ವರ್ಷ ವರ್ಷಾನೂ ಬಾಗಿಲ ಕೀಲಿಗೆ ಒಂದು ಹನಿ ಬಿಡ್ತೀನಿ.”

“ಈ ಸಲ ಹನಿ ಅಲ್ಲ ಅವ್ವಾರೇ. ಸೌಟು.”

“ಹೂನಪ್ಪ, ಈ ಸಲ ಬಾಯಿಗೇ ಹಾಕ್ದೆ. ಬಾನೆಟ್ ಒಳಗೆ ಸಣ್ಣ ಡಬ್ಬಿ ಐತಲ್ಲ, ಅದಕ್ಕೆ. ನಂಗೆಲ್ಲಿ ಕಾಣ್ತೈತೆ? ಮುಚ್ಚಳ ತೆಗೆದು, ಕೈ ಹಿಡಿದು ಹಾಕಿಸ್ದ.”

ಪೆದ್ದಣ್ಣ ಮುರುಗೇಶನತ್ತ ತಿರುಗಿದ. ಕೊರಳಪಟ್ಟಿಗೆ ಮತ್ತೆ ಕೈ ಹೋಗುವುದರಲ್ಲಿತ್ತು.

“ಯಾರು? ಮುರುಗೇಶಪ್ಪನಾ?”

“ಅವನೆಲ್ಲಿ ಬಂದ? ಅಣ್ಣನ ಮೇಲಿನ ಸಿಟ್ಟಿಗೆ ಪೂಜೆಗೇ ಬರಲಿಲ್ಲ. ನನ್ನ ಸೋಮು ಹಾಕಿಸ್ದ. ‘ಕೀಲಿಗೆ ಬ್ಯಾಡವ್ವ, ಇಲ್ಲಿ ಹಾಕು. ಶುಕ್ರವಾರ ಮುರುಗೇಶನ್ನ ಇದ್ರಾಗೆ ಸೀರೆಗೆ ಕಳಿಸ್ತೀನಿ, ಗಾಡಿ ಚೆಂದ ಓಡ್ಲಿ’ ಅಂದ. ಮಾತು ಬಿಟ್ರೂ ತಮ್ಮನ ಮೇಲೆ ಎಷ್ಟು ಅಕ್ಕರೆ ನೋಡು. ಹನುಮ ಹಿಂದೆ ಡಿಕ್ಕಿ ಒರೆಸ್ತಿದ್ದ, ಬೇಕಿದ್ರೆ ಕೇಳು ಅವನ್ನ.”

ಪೆದ್ದಣ್ಣನ ಕೈ ಕೆಳಗಿಳಿಯಿತು.

ಹಿಂದೆ ನಿಂತ ಹನುಮಣ್ಣನಿಗೆ ಆವತ್ತು ಮಾತು ಕೇಳಿಸಿತ್ತು, ಡಬ್ಬಿ ಕಾಣಿಸಿರಲಿಲ್ಲ. ಪೆಡಲ್ ಪಾತಾಳಕ್ಕೆ ಇಳಿದ ಗಳಿಗೆಯಲ್ಲಿ ಆ ಮಾತಿಗೆ ಅರ್ಥ ಬಂದಿತ್ತು. ಎಣ್ಣೆ ಹಾಕಿದ್ದು ಯಾರೆಂಬುದನ್ನು ಮುಚ್ಚಲು ಅವನು ಜೈಲಿಗೆ ಹೊರಟಿರಲಿಲ್ಲ. ಮಗ ಹಾಕಿಸಿದ್ದು ಯಾಕೆಂಬುದನ್ನು ಈ ತಾಯಿಯಿಂದ ಮುಚ್ಚಬೇಕಿತ್ತು.

ಹುಡುಗನಾಗಿದ್ದಾಗಿನಿಂದ ಆ ಕಾರಿನ ಪಕ್ಕವೇ ಬೆಳೆದ ಸೋಮಶೇಖರಪ್ಪ ಬ್ರೇಕಿನ ಡಬ್ಬಿ ಯಾವುದೆಂದು ಮರೆತನೇ? ಮರೆತು, ಆಮೇಲೆ ನೆನಪಾಗಿ ಗಾಬರಿಯಿಂದ ಮೊಳಕಾಲ್ಮೂರಿಗೆ ಓಡಿದನೇ? ಹಾಗಾದರೆ ಯತ್ತಪ್ಪನ ಪಕ್ಕದ ಅಂಗಡಿಗೆ ಒಂದು ಫೋನು ಸಾಕಿತ್ತು. ಕಾರು ತೆಗೀಬೇಡಿ ಅಂದರೆ ಮುಗಿಯುತ್ತಿತ್ತು. ಅದನ್ನು ಬಿಟ್ಟು ತಮ್ಮನನ್ನು ಎಳೆದು ಇಳಿಸಿ, ಆ ಸೀಟಿನಲ್ಲಿ ತಾನೇ ಹೋಗಿ ಕೂತನಲ್ಲ, ಯಾಕೆ?

ಮುರುಗೇಶ ನಿಧಾನವಾಗಿ ಜಗುಲಿಯ ಮೇಲೆ ಕುಸಿದ. ಅವನ ಕೈ ತನ್ನ ರೆಟ್ಟೆಯನ್ನು ತಾನೇ ಹಿಡಿದುಕೊಂಡಿತ್ತು, ನಿನ್ನೆ ಅಣ್ಣ ಹಿಡಿದೆಳೆದ ಜಾಗದಲ್ಲಿ.

“ಯಾಕಪ್ಪ ಸುಮ್ಮನಾದ್ರಿ?” ಬಸವಲಿಂಗಮ್ಮ ಇಬ್ಬರ ಕಡೆಗೂ ಮುಖ ತಿರುಗಿಸಿದರು. “ನಾನು ಅಲ್ಲಿ ಹಾಕಿದ್ದು ತಪ್ಪಾಯ್ತಾ?”

ಠಾಣೆಯಲ್ಲಿ ಯಾರಿಗೂ ಬಗ್ಗದ ಪೆದ್ದಣ್ಣ ಅವರ ಕೈಯಿಂದ ಗ್ಲಾಸನ್ನು ಮೆಲ್ಲಗೆ ತೆಗೆದುಕೊಂಡ.

ಒಳಗೆ ಫೋನು ಹೊಡೆದುಕೊಂಡಿತು. ಮುರುಗೇಶ ಎದ್ದು ಹೋದ. ಆಸ್ಪತ್ರೆಯಿಂದ ದೀಪಿಕಾ. ಅವಳು ಕಿರುಚಿದ್ದು ಜಗುಲಿಗೂ ಕೇಳಿಸಿತು: “ಚಿಕ್ಕಪ್ಪಾ, ಅಪ್ಪ ಕಣ್ಣು ಬಿಟ್ರು!”

“ಏನಂದ ನನ್ನ ಮಗ? ಮಾತಾಡಿದ್ನಾ?” ಮುದುಕಿ ಎದ್ದು ನಿಂತರು. “ಲೇ ಮುರುಗೇಶ, ಏನಂತೆ, ಹೇಳೋ!”

ಮುರುಗೇಶ ಬಾಗಿಲಿಗೆ ಬಂದ. ಮುಖದಲ್ಲಿ ರಕ್ತವಿರಲಿಲ್ಲ.

“ಒಂದೇ ಮಾತು ಕೇಳ್ತಿದಾನಂತವ್ವ. ತಿರುಗ್ಸಿ ತಿರುಗ್ಸಿ ಅದನ್ನೇ. ‘ಮುರುಗೇಶ ಬಸ್ಸು ಹತ್ತಿದ್ನಾ?’ ಅಂತ.”

ಬಸವಲಿಂಗಮ್ಮ ಎರಡೂ ಕೈ ಜೋಡಿಸಿ ಗಳಗಳ ಅತ್ತರು. “ಕೇಳಿಸ್ಕೊಂಡ್ಯಾ ಪೆದ್ದಣ್ಣ? ಸಾಯೋ ಹೊತ್ತಿನಾಗೂ ತಮ್ಮನದೇ ಚಿಂತೆ ಅವನಿಗೆ!”

ಹೊರಗೆ ರಸ್ತೆಯಲ್ಲಿ ಜೀಪಿನ ಹಾರ್ನು ಕೂಗಿತು. ಹನುಮಣ್ಣನನ್ನು ಕೂರಿಸಿಕೊಂಡು ಕೋರ್ಟಿಗೆ ಹೊರಟಿದ್ದ ಎಸ್‌ಐ ಸಾಹೇಬರು ಪೆದ್ದಣ್ಣನ ಮಾತಿಗಾಗಿ ಮನೆ ಮುಂದೆ ಜೀಪು ನಿಲ್ಲಿಸಿದ್ದರು. ಆ ಜೀಪನ್ನು ತಡೆಯಲು ಅವನ ಬಳಿ ಒಂದೇ ಒಂದು ಮಾತಿತ್ತು. ಅದನ್ನು ಆಡಬೇಕಾದ್ದು ಈ ಮುದುಕಿಯ ಎದುರಿಗೇ.

ಹಾರ್ನು ಇನ್ನೊಮ್ಮೆ ಕೂಗಿತು.